ರಾಕಬಿಲಿ ರಾಣಿಯರೇ, ಇಗೋ ನಮ್ಮ ಲೀಲಾವತಿ!

ಉಜಿರೆ ಪೇಟೆಯನ್ನು ನಡುವಿಗಿಟ್ಟು ಭೂಪಟದ ಮೇಲೆ ಇಪ್ಪತ್ತು ಕಿಲೋಮೀಟರಿನ ಒಂದು ವೃತ್ತ ಎಳೆಯಿರಿ. ಒಳಗೆ ಏನೇನು ಬಂತು ನೋಡಿ! ಇತ್ತ ಧರ್ಮಸ್ಥಳ, ಅಲ್ಲಿನ ಮಂಜುನಾಥನ ಹೆಸರು ಹೊತ್ತ ಯಕ್ಷಗಾನ ಮೇಳ, ಎಷ್ಟೋ ಎಳೆಯರ ಕಾಲಿಗೆ ಗೆಜ್ಜೆ ಕಟ್ಟಿಸಿದ ತರಬೇತಿ ಕೇಂದ್ರ. ಅತ್ತ ಗುರುವಾಯನಕೆರೆ ದಾಟಿ ಕಾರ್ಕಳದ ದಾರಿ ಹಿಡಿದರೆ ಅಜಿಲ ಅರಸರ ಅಳದಂಗಡಿ. ಅದರ ಮಗ್ಗುಲಲ್ಲೇ ಅರುವ. ಒಂದು ಕಾಲಕ್ಕೆ ಡೇರೆ, ಕುರ್ಚಿ, ವೇಷದ ಪೆಟ್ಟಿಗೆಗಳನ್ನು ಲಾರಿಗೆ ಹೇರಿಕೊಂಡು ಊರೂರು ಸುತ್ತಿದ ಮೇಳದ ಹೆಸರು ಅದು. ವೃತ್ತವನ್ನು ಇನ್ನಷ್ಟು ಹಿಗ್ಗಿಸಿದರೆ ಮೂಡುಬಿದಿರೆಯ ಮಾರೂರು, ಬಲಿಪ ನಾರಾಯಣ ಭಾಗವತರ ಮನೆಯ ಊರು.

ಹೆಸರುಗಳನ್ನು ಮತ್ತೊಮ್ಮೆ ಓದಿ. ಎಲ್ಲಾ ಗಂಡಸರ ಲೋಕ. ರಾಮ ಗಂಡಸು, ರಾವಣ ಗಂಡಸು, ಸೀತೆಯೂ ಗಂಡಸು! ಚೆಂಡೆ ಹೊಡೆಯುವವರು, ಮದ್ದಳೆ ನುಡಿಸುವವರು, ತೆರೆ ಹಿಡಿಯುವವರು, ಚೌಕಿ ಎಂಬ ಬಣ್ಣದ ಮನೆಯಲ್ಲಿ ಬಣ್ಣ ಅರೆಯುವವರು, ಎಲ್ಲರೂ ಗಂಡಸರೇ. ಈ ಇಡೀ ದಂಡನ್ನು ರಾತ್ರಿಯಿಂದ ಬೆಳಗಿನವರೆಗೆ ನಡೆಸುವ ಭಾಗವತರಂತೂ ಗಂಡಸರಲ್ಲದೆ ಇನ್ನಾರು?

ಇಲ್ಲೇ ಇರುವುದು ಅಚ್ಚರಿ! ಈ ಡೇರೆಯೊಳಗೆ, ಈ ಗಂಡುದನಿಗಳ ನಡುವೆ, ಒಬ್ಬ ಹೆಣ್ಣುಮಗಳು ಸೀರೆಯುಟ್ಟು, ಜಾಗಟೆ ಹಿಡಿದು ಕುಳಿತರು. ಪದ ಹೇಳಿದರು. ರಾವಣನನ್ನು ಕುಣಿಸಿದರು. ಅದೂ ಒಂದು ದಿನದ ಕುತೂಹಲಕ್ಕಲ್ಲ, ಶಾಲಾ ವಾರ್ಷಿಕೋತ್ಸವದ ಮೆಚ್ಚುಗೆಗಲ್ಲ. ತಿರುಗಾಟದ ಕಲಾವಿದೆಯಾಗಿ, ಅದನ್ನೇ ವೃತ್ತಿಯಾಗಿಸಿಕೊಂಡು, ಊರಿಂದೂರಿಗೆ, ಸೀಸನ್ನಿನಿಂದ ಸೀಸನ್ನಿಗೆ! ಹೆಸರು ಲೀಲಾವತಿ ಬೈಪಾಡಿತ್ತಾಯ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರೆಂದು ಯಕ್ಷಗಾನ ಲೋಕ ಗುರುತಿಸುವ ಹೆಸರು.

ಮೆಂಫಿಸ್‌ನಿಂದ ಶುರುವಾದ ಬೇಟೆ

ಈ ಹೆಸರಿನ ಬೆನ್ನು ಹತ್ತಲು ಕಾರಣವಾದದ್ದು ಅಮೆರಿಕದ ಒಂದು ಸಂಗೀತ ಎಂದರೆ ನಗಬೇಡಿ. ರಾಕಬಿಲಿ! 1950ರ ದಶಕದ ನಡುವಿನಲ್ಲಿ ಅಮೆರಿಕದ ದಕ್ಷಿಣ ಸೀಮೆಯಲ್ಲಿ ಬಿಳಿಯರ ಹಳ್ಳಿಹಾಡು ಮತ್ತು ಕರಿಯರ ರಿದಮ್ ಆಂಡ್ ಬ್ಲೂಸ್ ಒಂದಕ್ಕೊಂದು ಡಿಕ್ಕಿ ಹೊಡೆದು ಹುಟ್ಟಿದ ಕಿಡಿ. ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ 1954ರಲ್ಲಿ ಎಲ್ವಿಸ್ ಪ್ರೀಸ್ಲಿ ಮೊದಲ ರೆಕಾರ್ಡ್ ಮಾಡಿದಾಗ ಅಲ್ಲಿ ಡ್ರಮ್ಮೇ ಇರಲಿಲ್ಲ! ಆಳೆತ್ತರದ ಬಾಸ್ ವಾದ್ಯದ ತಂತಿಯನ್ನು ಸೆಳೆದು ಬಿಟ್ಟಾಗ ಮರಕ್ಕೆ ಬಡಿದು ಚಟ್ ಚಟ್ ಎನ್ನುತ್ತಿತ್ತಲ್ಲ, ಅದೇ ತಾಳ. ಆ ತಾಳಕ್ಕೆ ಒಂದು ತಲೆಮಾರೇ ಹುಚ್ಚೆದ್ದು ಕುಣಿಯಿತು.

ಆ ಹುಚ್ಚಿನ ನಡುವೆ ಹುಡುಗಿಯರೂ ಇದ್ದರು! ವರ್ಜೀನಿಯಾದ ಜಾನಿಸ್ ಮಾರ್ಟಿನ್ 1956ರಲ್ಲಿ ಆರ್‌ಸಿಎ ಕಂಪನಿಗೆ ಹಾಡಿದಾಗ ಅವಳಿಗೆ 16 ಕೂಡ ತುಂಬಿರಲಿಲ್ಲ. ಆ ಮೊದಲ ರೆಕಾರ್ಡಿನ ಹಿಂಬದಿಯ ಹಾಡನ್ನು ಬರೆದವಳೂ ಅವಳೇ. ಕಂಪನಿ ಅವಳನ್ನು ‘ಹೆಣ್ಣು ಎಲ್ವಿಸ್’ ಎಂದು ಹಣೆಪಟ್ಟಿ ಹಚ್ಚಿ ಮಾರಿತು. ಗುಟ್ಟಾಗಿ ಮದುವೆಯಾಗಿದ್ದ ಹುಡುಗಿ ಬಸುರಾದಳು ಎಂದು ತಿಳಿದದ್ದೇ ತಡ, ಹದಿಹರೆಯದ ಕನಸಿನ ಕನ್ಯೆಯ ಚಿತ್ರಕ್ಕೆ ಧಕ್ಕೆಯಾಯಿತು. 1958ರಲ್ಲಿ ಕಂಪನಿ ಕೈಬಿಟ್ಟಿತು. ಹದಿನೆಂಟರ ಹೊತ್ತಿಗೆ ವೃತ್ತಿ ಹೆಚ್ಚುಕಡಿಮೆ ಮುಗಿದೇಹೋಯಿತು! ದಶಕಗಳ ನಂತರ ಯುರೋಪಿನ ಅಭಿಮಾನಿಗಳು ಹುಡುಕಿ ಕರೆತಂದರು, ಮತ್ತೆ ಹಾಡಿಸಿದರು. 2007ರಲ್ಲಿ ಆಕೆ ಕೊನೆಯ ಆಲ್ಬಂ ಹಾಡಿ ಮುಗಿಸಿ ಅದೇ ವರ್ಷ ತೀರಿಕೊಂಡರು. ಅದು ಹೊರಬಂದದ್ದು 2012ರಲ್ಲಿ.

ಇನ್ನೊಬ್ಬಳು ಒಕ್ಲಹೋಮದ ವಾಂಡಾ ಜಾಕ್ಸನ್, 1937ರಲ್ಲಿ ಹುಟ್ಟಿದವಳು. 1955ರಲ್ಲಿ ಎಲ್ವಿಸ್ ಜೊತೆ ಒಂದೇ ವೇದಿಕೆ ಹಂಚಿಕೊಂಡಾಗ ವಯಸ್ಸು 17. ಅಪ್ಪ ಕಾರು ಓಡಿಸುತ್ತ ಕಾವಲಿಗೆ ಜೊತೆಗೇ ಹೋಗುತ್ತಿದ್ದರು, ಅಮ್ಮ ವೇದಿಕೆಯ ಉಡುಪು ಹೊಲಿದುಕೊಡುತ್ತಿದ್ದರು. ನ್ಯಾಶ್‌ವಿಲ್‌ನ ಹೆಸರಾಂತ ಗ್ರಾಂಡ್ ಓಲ್ ಓಪ್ರಿ ವೇದಿಕೆ ಹತ್ತುವ ಹೊತ್ತಿಗೆ, ಭುಜ ಕಾಣುವ ಉಡುಪಿನಲ್ಲಿ ಇಲ್ಲಿ ಹಾಡುವಂತಿಲ್ಲ ಎಂದರು. ಮೇಲೊಂದು ಜಾಕೆಟ್ ಏರಿಸಿಕೊಂಡು ಹಾಡಿ ಬಂದ ಹುಡುಗಿ, ಮತ್ತೆ ಇತ್ತ ತಲೆಹಾಕುವುದಿಲ್ಲ ಎಂದಳು! 1961ರಲ್ಲಿ ಮದುವೆಯಾದ ವೆಂಡೆಲ್ ಗುಡ್‌ಮನ್ ತಮ್ಮ ಐಬಿಎಂ ನೌಕರಿ ಬಿಟ್ಟು ಹೆಂಡತಿಯ ತಿರುಗಾಟದ ವ್ಯವಸ್ಥೆಗೆ ನಿಂತರು. ಅಮೆರಿಕದ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ವಾಂಡಾ ಸೇರಿದ್ದು 2009ರಲ್ಲಿ.

ಎಷ್ಟು ರೋಮಾಂಚಕ! ಅಬ್ಬರದ ತಾಳ, ರಾತ್ರಿಯ ಪ್ರಯಾಣ, ಗಂಡಸರೇ ತುಂಬಿದ ವೇದಿಕೆ, ನಡುವೆ ಹೆದರದ ಒಂದು ಹೆಣ್ಣುದನಿ. ಇಂಥದ್ದು ನಮ್ಮಲ್ಲಿ ಎಲ್ಲಿದೆ ಎಂದು ಕೇಳಿಕೊಂಡ ಕ್ಷಣವೇ ಉತ್ತರ ಕಣ್ಣೆದುರು ನಿಂತಿತು. ಚೆಂಡೆಗಿಂತ ಅಬ್ಬರದ ತಾಳ ಇನ್ನೆಲ್ಲಿದೆ? ಮೇಳದ ತಿರುಗಾಟಕ್ಕಿಂತ ದೊಡ್ಡ ಟೂರ್ ಯಾವುದಿದೆ?

ಭಾಗವತರೆಂದರೆ ಬರೀ ಹಾಡುಗಾರರೇ?

ಘಟ್ಟದ ಮೇಲಿನ ಓದುಗರಿಗಾಗಿ ಇಲ್ಲೊಂದಿಷ್ಟು ನಿಲ್ಲಬೇಕು. ಭಾಗವತರು ಎಂದರೆ ಹಿನ್ನೆಲೆ ಗಾಯಕರು ಎಂದುಕೊಂಡಿದ್ದರೆ ಆ ಎಣಿಕೆಯನ್ನು ಈಗಲೇ ಬಿಡಿ. ಭಾಗವತರೇ ಮೊದಲನೆಯ ವೇಷಧಾರಿ ಎನ್ನುವುದು ಇಲ್ಲಿನ ಮಾತು. ಅವರು ನಿರ್ದೇಶಕರು, ಸಂಕಲನಕಾರರು, ಸೂತ್ರಧಾರರು, ಗಾಯಕರು. ಅದೂ ಎಲ್ಲವೂ ಏಕಕಾಲಕ್ಕೆ, ನೇರ ಪ್ರಸಾರದಲ್ಲಿ!

ಯೋಚಿಸಿ. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಮಾತುಗಳನ್ನು ಯಾರೂ ಬರೆದಿಟ್ಟಿಲ್ಲ. ಭಾಗವತರು ಪದ ಹೇಳುತ್ತಾರೆ, ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಆಮೇಲೆ ಅದರ ಅರ್ಥವನ್ನು ಆ ಕ್ಷಣಕ್ಕೆ ಹೊಳೆದಂತೆ ಆಡುತ್ತಾನೆ. ಇಷ್ಟು ಪದ್ಯಗಳಲ್ಲಿ ಇವತ್ತು ಯಾವುದನ್ನು ಎತ್ತಿಕೊಳ್ಳುವುದು, ಯಾವುದನ್ನು ಬಿಡುವುದು? ಭಾಗವತರ ತೀರ್ಮಾನ. ಯಾವ ರಾಗ, ಯಾವ ತಾಳ, ಎಷ್ಟು ವೇಗ? ಭಾಗವತರ ತೀರ್ಮಾನ. ಅರ್ಥ ಹೇಳುತ್ತ ಹೇಳುತ್ತ ಕಲಾವಿದ ಎಲ್ಲೆಲ್ಲಿಗೋ ಹೋದನೇ? ಜಾಗಟೆಗೆ ಒಂದು ಪೆಟ್ಟು, ಮುಂದಿನ ಪದದ ಎತ್ತುಗಡೆ. ಮಾತು ಅಲ್ಲಿಗೆ ನಿಲ್ಲಬೇಕು! ಹೊಸ ಹುಡುಗನಿಗೆ ಹೆಜ್ಜೆ ತಪ್ಪಿತೇ? ತಾಳವನ್ನು ಸಂಭಾಳಿಸಿ ಅವನನ್ನು ದಡ ಸೇರಿಸುವವರೂ ಭಾಗವತರೇ. ಮಳೆ ಬರುವ ಸೂಚನೆಯೇ, ಪ್ರೇಕ್ಷಕರಿಗೆ ತೂಕಡಿಕೆಯೇ, ಬೆಳಕು ಹರಿಯಲು ಇನ್ನು ಒಂದೇ ತಾಸು ಉಳಿದಿದೆಯೇ? ಕಥೆಯನ್ನು ಹಿಗ್ಗಿಸಿ ಕುಗ್ಗಿಸಿ ಮಂಗಳಕ್ಕೆ ತಂದು ಮುಟ್ಟಿಸುವ ಹೊಣೆ ಆ ಒಂದೇ ಜೀವದ್ದು.

ಇನ್ನು ಶಬ್ದದ ಮಾತು. ತೆಂಕುತಿಟ್ಟಿನ ಚೆಂಡೆ ಹೆಗಲಿಗೆ ತೂಗುಬಿದ್ದು, ಎರಡು ಕೋಲುಗಳ ಏಟಿಗೆ ಸಿಡಿಲಿನಂತೆ ಮೊಳಗುವ ವಾದ್ಯ. ಸಂಜೆಗತ್ತಲಲ್ಲಿ ಗದ್ದೆಯಾಚೆಯ ಊರಿಗೂ ‘ಇವತ್ತು ಇಲ್ಲಿ ಆಟ’ ಎಂದು ಸಾರುವುದೇ ಅದು. ಬಣ್ಣದ ವೇಷ ತೆರೆಯ ಹಿಂದೆ ಆರ್ಭಟಿಸುವಾಗ, ಯುದ್ಧದ ಏರುಪದಗಳಲ್ಲಿ, ಆ ಚೆಂಡೆ ಭಾಗವತರ ಕಿವಿಯ ಪಕ್ಕದಲ್ಲೇ ಸಿಡಿಯುತ್ತಿರುತ್ತದೆ. ಅದರ ಮೇಲೆ ಸಾಹಿತ್ಯ ಕೇಳಬೇಕು! ಬರೀ ರಾಗ ಕೇಳಿದರೆ ಸಾಲದು, ಒಂದೊಂದು ಅಕ್ಷರವೂ ಕೊನೆಯ ಸಾಲಿನ ಅಜ್ಜನಿಗೆ ಮುಟ್ಟಬೇಕು. ಏಕೆಂದರೆ ಆ ಅಜ್ಜನಿಗೆ ಪ್ರಸಂಗ ಬಾಯಿಪಾಠ. ತಪ್ಪಿದರೆ ಮರುದಿನ ಊರಿಡೀ ಮಾತು.

ಇಂಥ ಪೀಠದಲ್ಲಿ ಕುಳಿತಿದ್ದವರು ಯಾರು ಯಾರು? ಕಟೀಲು ಮೇಳದಲ್ಲಿ ಬಲಿಪ ನಾರಾಯಣ ಭಾಗವತರು, 1938ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಳ್ಳುವವರೆಗೂ ‘ಬಲಿಪ ಶೈಲಿ’ ಎಂದೇ ಹೆಸರಾದ ಹಾಡಿಕೆಯ ಒಡೆಯರು. ಧರ್ಮಸ್ಥಳ ಮೇಳದಲ್ಲಿ ಕಡತೋಕ ಮಂಜುನಾಥ ಭಾಗವತರು. ಇವರ ಕಾಲದಲ್ಲಿ, ಇವರ ಸೀಮೆಯಲ್ಲಿ, ಇವರನ್ನೇ ಕೇಳಿ ಕಿವಿ ಪಳಗಿಸಿಕೊಂಡ ಪ್ರೇಕ್ಷಕರ ಮುಂದೆ ಒಬ್ಬ ಹೆಣ್ಣುಮಗಳು ಜಾಗಟೆ ಎತ್ತಿಕೊಂಡದ್ದೆಂದರೆ! ಗ್ರಾಂಡ್ ಓಲ್ ಓಪ್ರಿಯ ವೇದಿಕೆ ಇದಕ್ಕಿಂತ ಕಠಿಣವಾಗಿತ್ತೆಂದು ನಾನಂತೂ ಒಪ್ಪಲಾರೆ.

ಮಧೂರಿನ ಹುಡುಗಿ

ಲೀಲಾವತಿ ಹುಟ್ಟಿದ್ದು ಕಾಸರಗೋಡಿನ ಮಧೂರಿನಲ್ಲಿ, 1947ರ ಮೇ 23ರಂದು. ತಾರೀಖು ಗಮನಿಸಿದಿರಾ? ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಯ ಆಸುಪಾಸು! ಮಧೂರೆಂದರೆ ಮದನಂತೇಶ್ವರ ಸಿದ್ಧಿವಿನಾಯಕನ ಕ್ಷೇತ್ರ. ತೆಂಕುತಿಟ್ಟಿಗೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನ ಕುಂಬಳೆ ಸೀಮೆ. ಅಲ್ಲಿ ಗಾಳಿಯಲ್ಲೇ ಪದ್ಯ ತೇಲುತ್ತದೆ. ಲೀಲಾವತಿ ಒಂಬತ್ತರ ಬಾಲಕಿಯಾಗಿದ್ದಾಗ, 1956ರಲ್ಲಿ, ರಾಜ್ಯಗಳ ಗೆರೆ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಅತ್ತ ಸಾಗರದಾಚೆ ಜಾನಿಸ್ ಮಾರ್ಟಿನ್ ಮೈಕಿನ ಮುಂದೆ ನಿಂತದ್ದೂ ಅದೇ ವರ್ಷ!

ಹುಡುಗಿಗೆ ಒಲಿದದ್ದು ಮೊದಲು ಶಾಸ್ತ್ರೀಯ ಸಂಗೀತ. ಮಧೂರಿನ ಪದ್ಮನಾಭ ಸರಳಾಯರಲ್ಲಿ ಕರ್ನಾಟಕ ಸಂಗೀತ ಕಲಿತರು. ಕಥೆ ಇಲ್ಲಿಗೇ ನಿಂತಿದ್ದರೆ ಮದುವೆ, ಮನೆ, ನವರಾತ್ರಿಗೊಂದು ದೇವರನಾಮ ಎಂದು ಮುಗಿದು ಹೋಗುತ್ತಿತ್ತು. ಎಷ್ಟು ಸಾವಿರ ಹೆಣ್ಣುಮಕ್ಕಳ ಸಂಗೀತ ಹಾಗೆ ಅಡುಗೆಮನೆಯಲ್ಲಿ ಮುಗಿದಿಲ್ಲ!

ಆದರೆ ಇವರ ಮದುವೆಯೇ ಬಾಗಿಲು ತೆರೆಯಿತು. ಕೈಹಿಡಿದವರು ಕಡಬದ ಹರಿನಾರಾಯಣ ಬೈಪಾಡಿತ್ತಾಯರು, ಚೆಂಡೆ ಮದ್ದಳೆಗಳೆರಡರಲ್ಲೂ ಪಳಗಿದ ಹಿಮ್ಮೇಳದ ಕಲಾವಿದರು. ಹೆಂಡತಿಯ ಕಂಠ ಕೇಳಿದ ಆ ಮನುಷ್ಯನ ಮನಸ್ಸಿನಲ್ಲಿ, ಇದು ಯಕ್ಷಗಾನಕ್ಕೆ ಸಲ್ಲಬೇಕಾದ ದನಿ ಎಂಬ ಯೋಚನೆ ಬಂದದ್ದೇ ದೊಡ್ಡ ಸಂಗತಿ. ಬಂದ ಯೋಚನೆಯನ್ನು ಬಿಡದೆ, ತಾವೇ ಗುರುವಾಗಿ ಕುಳಿತು ಭಾಗವತಿಕೆ ಹೇಳಿಕೊಟ್ಟದ್ದು ಅದಕ್ಕಿಂತ ದೊಡ್ಡದು!

ಶಾಸ್ತ್ರೀಯ ಸಂಗೀತ ಬಂದವರಿಗೆ ಯಕ್ಷಗಾನ ಸಲೀಸು ಎನ್ನುವವರುಂಟು. ಹಾಗಿದ್ದರೆ ಕಛೇರಿ ಮಾಡುವವರೆಲ್ಲ ಭಾಗವತರಾಗಬೇಕಿತ್ತಲ್ಲ! ಕಛೇರಿಯಲ್ಲಿ ರಾಗವನ್ನು ನಿಧಾನವಾಗಿ ಅರಳಿಸಬಹುದು. ಗಾಯಕನ ಇಷ್ಟಕ್ಕೆ ಮೃದಂಗ ಕಾಯುತ್ತದೆ. ಇಲ್ಲಿ ರಾಗದ ಮುಂದೆ ಒಬ್ಬ ಜೀವಂತ ಅರ್ಜುನ ಕಾಲೆತ್ತಿ ನಿಂತಿದ್ದಾನೆ. ನೀವು ಒಂದು ಆವರ್ತ ಹೆಚ್ಚು ಎಳೆದರೆ ಅವನ ಕಾಲು ನೆಲಕ್ಕೆ ಬರುವುದು ಯಾವಾಗ? ರಾಗದ ಹೆಸರು ಎರಡೂ ಕಡೆ ಮೋಹನವೇ, ಭೈರವಿಯೇ ಇರಬಹುದು; ನಡೆ ಬೇರೆ, ಮಟ್ಟು ಬೇರೆ, ಎತ್ತುಗಡೆ ಬೇರೆ. ಏಕ, ಅಷ್ಟ, ಝಂಪೆ, ತ್ರಿವುಡೆ ತಾಳಗಳು, ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಜಾಗ, ಬಿಡ್ತಿಗೆ, ಮುಕ್ತಾಯ. ಶೃಂಗಾರದ ಪದಕ್ಕೆ ಬೇಕಾದ ಮಾರ್ದವವೇ ಕ್ಷಣಾರ್ಧದಲ್ಲಿ ಕದನಕ್ಕೆ ಬೇಕಾದ ಕೆಚ್ಚಾಗಿ ತಿರುಗಬೇಕು. ಸಾಹಿತ್ಯ ಎಲ್ಲೂ ಮುಕ್ಕಾಗಕೂಡದು.

ಶ್ರುತಿಯ ಸಮಸ್ಯೆ ಬೇರೆ! ಮದ್ದಳೆ ನುಡಿಯುವುದು ಹಾಡುವವರ ಶ್ರುತಿಗೆ. ಗಂಡುದನಿಗಳಿಗೆ ಹೊಂದಿಕೊಂಡ ಹಿಮ್ಮೇಳದ ನಡುವೆ ಹೆಣ್ಣುದನಿ ತನ್ನ ಎತ್ತರವನ್ನು ತಾನೇ ಕಂಡುಕೊಳ್ಳಬೇಕು, ಕಿರುಚದೆ, ಗಂಡುದನಿಯನ್ನು ಅನುಕರಿಸದೆ. ಲೀಲಾವತಿಯವರಿಗೆ ಈ ವಿಷಯದಲ್ಲಿ ಸಿಕ್ಕಿದ್ದು ಅಪರೂಪದ ಭಾಗ್ಯ. ಮದ್ದಳೆ ಕಟ್ಟುವ ಕೈ ಮನೆಯದೇ! ಎಲ್ಲಿ ಪದ ಏರುತ್ತದೆ, ಎಲ್ಲಿ ಉಸಿರಿಗೆ ಜಾಗ ಬೇಕು ಎಂಬುದನ್ನು ಬಲ್ಲ ಗಂಡ ಚೆಂಡೆಗೋ ಮದ್ದಳೆಗೋ, ಹೆಂಡತಿ ಭಾಗವತಿಕೆಗೆ. ಇಂಥದೊಂದು ಜೋಡಿ ಯಕ್ಷಗಾನದ ರಂಗಸ್ಥಳಕ್ಕೆ ಹೊಸದು.

ಡೇರೆಯೊಳಗಿನ ರಾತ್ರಿಗಳು

ಈಗ ಡೇರೆಗೆ ಬನ್ನಿ. ಯಕ್ಷಗಾನದಲ್ಲಿ ಎರಡು ಬಗೆಯ ತಿರುಗಾಟ. ಒಂದು ಹರಕೆಯ ಬಯಲಾಟ. ಯಾರೋ ಭಕ್ತರು ಸೇವೆಯಾಗಿ ಆಡಿಸುತ್ತಾರೆ, ನೋಡಲು ದುಡ್ಡಿಲ್ಲ. ಇನ್ನೊಂದು ಡೇರೆ ಮೇಳ. ಇಲ್ಲಿ ಟಿಕೆಟ್ಟು! ಗದ್ದೆಯಲ್ಲಿ ಡೇರೆ ಎಬ್ಬಿಸಿ, ಕುರ್ಚಿ ಹಾಕಿ, ಊರಲ್ಲಿ ಜೀಪು ಸುತ್ತಿಸಿ ಪ್ರಚಾರ ಮಾಡಿ ಜನರನ್ನು ಸೆಳೆಯಬೇಕು. ಜನ ಬಂದರೆ ಮೇಳ ಉಳಿಯುತ್ತದೆ, ಬಾರದಿದ್ದರೆ ಮುಳುಗುತ್ತದೆ. ದೇವರ ಹರಕೆಯ ರಕ್ಷೆಯಿಲ್ಲದ ಬಯಲು ಪರೀಕ್ಷೆ ಅದು. ಕಾಸು ಕೊಟ್ಟು ಒಳಬಂದವನು ಕನಿಕರ ತೋರಿಸುವುದಿಲ್ಲ.

ಲೀಲಾವತಿ ಬೈಪಾಡಿತ್ತಾಯರು ಗೆದ್ದದ್ದು ಈ ಪರೀಕ್ಷೆಯಲ್ಲಿ! ಅಳದಂಗಡಿ ಬಳಿಯ ಅರುವದ ಮೇಳವೂ ಸೇರಿದಂತೆ ಹಲವು ಡೇರೆ ಮೇಳಗಳಲ್ಲಿ ದಂಪತಿ ತಿರುಗಾಟ ಮಾಡಿದರು. ಉಜಿರೆ, ಬೆಳ್ತಂಗಡಿ, ವೇಣೂರು, ಬಂಟ್ವಾಳಗಳ ಈ ನೆಲ ಅಂಥ ಡೇರೆಗಳನ್ನು ಎಷ್ಟು ಕಂಡಿಲ್ಲ!

ಆಗಿನ ತಿರುಗಾಟ ಎಂದರೆ ಏನು ಗೊತ್ತೇ? ದೀಪಾವಳಿಯ ಆಚೀಚೆಗೆ ಹೊರಟರೆ ಮೇ ತಿಂಗಳ ಪತ್ತನಾಜೆಯವರೆಗೆ, ಸುಮಾರು ಆರು ತಿಂಗಳು, ದಿನಕ್ಕೊಂದು ಊರು. ಸಂಜೆ ಚೌಕಿಯಲ್ಲಿ ಗಣಪತಿ ಪೂಜೆ. ಪೂರ್ವರಂಗಕ್ಕೆ ಎಳೆಯ ಸಂಗೀತಗಾರರು ಪದ ಹೇಳುತ್ತಾರೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಮುಗಿದು ಕಥೆಗೆ ಹತ್ತಿಕೊಂಡು, ನಡುರಾತ್ರಿ ದಾಟಿದ ಮೇಲೆ ಪ್ರಧಾನ ಭಾಗವತರ ಸರದಿ. ಲೋಕವೆಲ್ಲ ಗಾಢ ನಿದ್ದೆಯಲ್ಲಿರುವಾಗ ಇವರ ಕಂಠ ಅತಿ ಎತ್ತರಕ್ಕೆ ಏರಬೇಕು! ಬೆಳಗ್ಗೆ ಮಂಗಳ, ಡೇರೆ ಇಳಿಸು, ಲಾರಿ ಹತ್ತು, ಮುಂದಿನ ಊರು, ಸಿಕ್ಕಷ್ಟು ನಿದ್ದೆ, ಮತ್ತೆ ಸಂಜೆ. ಗಂಡಸಿಗೇ ಗಂಟಲು ಕಟ್ಟುವ, ಮೈ ಹಣ್ಣಾಗುವ ಬದುಕು. ಅಲ್ಲಿ ಹೆಣ್ಣೊಬ್ಬಳಿಗೆ ಸ್ನಾನಕ್ಕೆಲ್ಲಿ, ಬಟ್ಟೆ ಬದಲಿಸಲು ಮರೆಯೆಲ್ಲಿ, ಮಲಗಲು ಮೂಲೆಯೆಲ್ಲಿ? ಈ ಪ್ರಶ್ನೆಗಳಿಗೆ ಮೇಳದ ವ್ಯವಸ್ಥೆಯಲ್ಲಿ ಉತ್ತರವೇ ಇರಲಿಲ್ಲ. ಪ್ರಶ್ನೆ ಅಲ್ಲಿಯವರೆಗೆ ಹುಟ್ಟಿಯೇ ಇರಲಿಲ್ಲವಲ್ಲ!

ಇಲ್ಲಿ ಮತ್ತೆ ಆ ಅಮೆರಿಕದ ಹುಡುಗಿಯರನ್ನು ನೆನಪಿಸಿಕೊಳ್ಳಿ. ಜಾನಿಸ್‌ಗೆ ಮದುವೆ ಮತ್ತು ತಾಯ್ತನ ವೃತ್ತಿಯ ಕೊನೆಯಾಯಿತು. ಲೀಲಾವತಿಗೆ ಮದುವೆಯೇ ವೃತ್ತಿಯ ಮೊದಲಾಯಿತು. ವಾಂಡಾಗೆ ನೌಕರಿ ಬಿಟ್ಟು ಜೊತೆಬಂದ ಗಂಡ ಸಿಕ್ಕಂತೆ ಇವರಿಗೆ ಚೆಂಡೆ ಹೊತ್ತು ಜೊತೆ ನಡೆದ ಗಂಡ ಸಿಕ್ಕರು. ಇನ್ನೂ ಒಂದು ಮಾತಿದೆ. ಜಾನಿಸ್‌ಳನ್ನು ಇನ್ನೊಬ್ಬ ಗಂಡಸಿನ ಹೆಣ್ಣುರೂಪವೆಂದು ಮಾರಲಾಯಿತು. ಲೀಲಾವತಿ ಯಾರ ನಕಲೂ ಆಗಲಿಲ್ಲ. ಶಾಸ್ತ್ರೀಯ ಸಂಗೀತದ ತಳಹದಿಯ ಮೇಲೆ ಯಕ್ಷಗಾನದ ಮಟ್ಟುಗಳನ್ನು ಕಟ್ಟಿಕೊಂಡು ತಮ್ಮದೇ ದನಿಯಲ್ಲಿ ಹಾಡಿದರು. ಹಾಗಾಗಿಯೇ ಅವರು ಒಂದು ಸೀಸನ್ನಿನ ಸುದ್ದಿಯಾಗಿ ಮುಗಿಯಲಿಲ್ಲ.

ಗುರುವಾದ ಹೊತ್ತು

ತಿರುಗಾಟದ ಗಾಯಕರು ಬಹಳ ಮಂದಿ. ಕಲಿತದ್ದನ್ನು ಕೆಳಗಿಳಿಸಿದವರು ಕಡಿಮೆ. ಬೈಪಾಡಿತ್ತಾಯ ದಂಪತಿ ಎರಡನೆಯದನ್ನೂ ಮಾಡಿದರು! ಉಜಿರೆಯಿಂದ ಹತ್ತು ಕಿಲೋಮೀಟರಿನ ಒಳಗಿರುವ ಧರ್ಮಸ್ಥಳದ ಯಕ್ಷಗಾನ ತರಬೇತಿ ಕೇಂದ್ರದಲ್ಲಿ ಗುರುಗಳಾದರು. ಯಾವ ಮೇಳಗಳ ಬಾಗಿಲು ಹೆಣ್ಣಿಗೆ ಮುಚ್ಚಿತ್ತೋ ಆ ಮೇಳಗಳಿಗೆ ಹೋಗಲಿರುವ ಹುಡುಗರಿಗೆ ಒಬ್ಬ ಹೆಂಗಸು ಪದ ಹೇಳಿಕೊಡುವ ದೃಶ್ಯವನ್ನು ಊಹಿಸಿ! ಬಜಪೆ ಬಳಿಯ ತಲಕಳದಲ್ಲಿ ನೆಲೆಸಿದ ಮೇಲೂ ಪಾಠ ನಿಲ್ಲಲಿಲ್ಲ. ಹುಡುಗರು, ಹುಡುಗಿಯರು, ಗೃಹಿಣಿಯರು, ನೌಕರಿಯವರು. ಭಾಗವತಿಕೆಗೆ ಲೀಲಾವತಿ, ಚೆಂಡೆ ಮದ್ದಳೆಗೆ ಹರಿನಾರಾಯಣ. ಹಿಮ್ಮೇಳದ ಇಡೀ ವಿದ್ಯೆ ಗಂಡ ಹೆಂಡಿರ ನಡುವೆ! ಆ ಶಿಷ್ಯರೇ ಮುಂದೆ ಗುರುಗಳಿಬ್ಬರ ಹೆಸರು ಕೂಡಿಸಿ ‘ಶ್ರೀ ಹರಿಲೀಲಾ’ ಹೆಸರಿನಲ್ಲಿ ಹಿಮ್ಮೇಳದ ಕಲಾವಿದರಿಗೆ ಪ್ರಶಸ್ತಿ ಕೊಡುವ ಪರಿಪಾಠ ಬೆಳೆಸಿದರು.

ಲೀಲಾವತಿಯವರ ಬದುಕಿನ ಕಥೆ ವಿದ್ಯಾರಶ್ಮಿ ಪೆಲತ್ತಡ್ಕ ಅವರ ನಿರೂಪಣೆಯಲ್ಲಿ ‘ಯಕ್ಷಗಾನ ಲೀಲಾವಳಿ’ ಎಂಬ ಪುಸ್ತಕವಾಗಿದೆ. ಕರ್ನಾಟಕ ಸರ್ಕಾರ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟದ್ದು 2023ರಲ್ಲಿ, ಅವರ 76ನೆಯ ವಯಸ್ಸಿನಲ್ಲಿ. ಅದರ ಮರುವರ್ಷ, 2024ರ ಡಿಸೆಂಬರ್ 14ರಂದು, ಅವರು ತೀರಿಕೊಂಡರು. ಲೆಕ್ಕ ನೋಡಿ. ರಾಜ್ಯದ ಮನ್ನಣೆಗೂ ಸಾವಿಗೂ ನಡುವೆ ಒಂದು ವರ್ಷ ಚಿಲ್ಲರೆ. ವಾಂಡಾಳನ್ನು ಹಾಲ್ ಆಫ್ ಫೇಮ್ ನೆನೆದದ್ದು 71ರ ವಯಸ್ಸಿನಲ್ಲಿ. ದಾರಿ ತೆರೆದ ಹೆಣ್ಣುಮಕ್ಕಳ ವಿಳಾಸ ಹುಡುಕುವುದರಲ್ಲಿ ಜಗತ್ತು ಎಲ್ಲ ಕಡೆಯೂ ಒಂದೇ ಸಮ ನಿಧಾನ!

ಈಗ ಹಾಡುತ್ತಿರುವವರು

ಈ ಶೋಧದ ಬಹು ಸಂತೋಷದ ಭಾಗವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಇವತ್ತು ತೆಂಕುತಿಟ್ಟಿನಲ್ಲಿ ಪದ ಹೇಳುವ ಯುವತಿಯರ ಹೆಸರು ಎಣಿಸಿ ನೋಡಿ! ಕಾವ್ಯಶ್ರೀ ಅಜೇರು, ಅಮೃತಾ ಅಡಿಗ, ಭವ್ಯಶ್ರೀ ಕುಲ್ಕುಂದ. ಕರಾವಳಿಯ ಸಭಾಂಗಣಗಳಲ್ಲಿ, ದೇವಸ್ಥಾನದ ಜಾತ್ರೆಗಳಲ್ಲಿ, ಬೆಂಗಳೂರು ಮುಂಬಯಿಗಳ ತುಳು ಕನ್ನಡ ಸಂಘಗಳ ವೇದಿಕೆಗಳಲ್ಲಿ ಇವರ ಹೆಸರು ಕೇಳಿದರೆ ಕುರ್ಚಿ ತುಂಬುತ್ತದೆ. ಮೊಬೈಲ್ ಎತ್ತಿ ಚಿತ್ರೀಕರಿಸುವ ಕೈಗಳೆಷ್ಟು! ಭಾಗವತಿಕೆ ಹುಡುಗಿಯರಿಗೂ ಆಗುತ್ತದೆಯೇ ಎಂದು ಇಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಗೆ ಡೇರೆಯೊಳಗೆ ಉತ್ತರ ಸಿಕ್ಕಿಯಾಗಿದೆ.

ಆದರೂ ಒಂದು ಮಾತು ಹೇಳಲೇಬೇಕು. ಈ ಹೊಸ ದನಿಗಳನ್ನು ನಾವು ಹೆಚ್ಚಾಗಿ ಕೇಳುವುದು ಗಾನವೈಭವಗಳಲ್ಲಿ, ತಾಳಮದ್ದಳೆಗಳಲ್ಲಿ, ಹವ್ಯಾಸಿ ಮತ್ತು ಮಹಿಳಾ ತಂಡಗಳ ಆಟಗಳಲ್ಲಿ. ಗಾನವೈಭವದಲ್ಲಿ ಕುಣಿಯುವ ವೇಷವಿಲ್ಲ, ಕಥೆ ನಡೆಸುವ ಹೊಣೆಯಿಲ್ಲ. ಆಯ್ದ ಪದಗಳು, ಆಮೇಲೆ ಚಪ್ಪಾಳೆ. ಅದೂ ಚಂದವೇ. ಆದರೆ ಲೀಲಾವತಿಯವರು ಹಿಡಿದದ್ದು ಬರೀ ಹಾಡಿನ ಜಾಗವನ್ನಲ್ಲ. ಆಟವನ್ನು ನಡೆಸುವ ಜಾಗವನ್ನು, ತಪ್ಪಿದವರನ್ನು ತಿದ್ದುವ, ಹಿರಿಯ ಅರ್ಥಧಾರಿಯ ಮಾತನ್ನೂ ಜಾಗಟೆಯ ಪೆಟ್ಟಿಗೆ ನಿಲ್ಲಿಸುವ ಅಧಿಕಾರದ ಜಾಗವನ್ನು. ಯಕ್ಷಗಾನದಲ್ಲಿ ಹೆಣ್ಣಿನ ಸಾಧನೆಯನ್ನು ಅಳೆಯಬೇಕಾದ ಕೋಲು ಇದೇ. ಈಗ ಹಲವು ಮೇಳಗಳು ಇಡೀ ರಾತ್ರಿಯ ಬದಲು ಕಾಲಮಿತಿಗೆ ತಿರುಗಿವೆ, ನಡುರಾತ್ರಿಯ ಹೊತ್ತಿಗೆ ಮಂಗಳ. ರಸ್ತೆ ಸುಧಾರಿಸಿದೆ, ವಾಹನವಿದೆ, ಆಟ ಮುಗಿಸಿ ಮನೆ ಸೇರಬಹುದು. ಡೇರೆಯ ಕಾಲದ ಅಡ್ಡಿಗಳಲ್ಲಿ ಅರ್ಧಕ್ಕರ್ಧ ಇಂದಿಲ್ಲ. ಹಾಗಿದ್ದ ಮೇಲೆ ದೊಡ್ಡ ಮೇಳಗಳ ಪ್ರಧಾನ ಭಾಗವತರ ಪಟ್ಟಿಯಲ್ಲಿ ಹೆಣ್ಣಿನ ಹೆಸರು ಸಹಜವಾಗಬೇಕಾದ ಕಾಲ ಇದು. ಲೀಲಾವತಿಯವರೊಬ್ಬರೇ ಆ ಕಾಲದಲ್ಲಿ ಮಾಡಿ ತೋರಿಸಿದ್ದನ್ನು ಈ ಕಾಲದಲ್ಲಿ ಹತ್ತು ಮಂದಿ ಮಾಡಲಾಗದು ಎನ್ನಲು ಯಾವ ನೆಪವೂ ಉಳಿದಿಲ್ಲ.

ಕೊನೆಗೆ ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ, ಕಾಸರಗೋಡಿನ ಓದುಗರಲ್ಲಿ ಒಂದು ಬಿನ್ನಹ. ಯುರೋಪಿನ ಅಭಿಮಾನಿಗಳು ಹಳೆಯ ರೆಕಾರ್ಡುಗಳನ್ನು ಹುಡುಕಿ ತೆಗೆಯದಿದ್ದರೆ ಜಾನಿಸ್ ಮಾರ್ಟಿನ್ ಮತ್ತೆ ವೇದಿಕೆ ಹತ್ತುತ್ತಲೇ ಇರಲಿಲ್ಲ. ನಮ್ಮ ಕರಾವಳಿಯ ಮನೆಗಳಲ್ಲೂ ಕ್ಯಾಸೆಟ್ಟಿನ ಕಾಲದಲ್ಲಿ ಟೇಪ್ ರೆಕಾರ್ಡರನ್ನು ರಂಗಸ್ಥಳದ ಬಳಿ ಇಟ್ಟು ಆಟ ತುಂಬಿಸಿಕೊಂಡು ಬಂದವರು ಬೇಕಾದಷ್ಟು ಮಂದಿ ಇದ್ದಾರೆ. ಅಂಥ ಕ್ಯಾಸೆಟ್ಟುಗಳು ಅಟ್ಟದ ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿಯುತ್ತಿವೆ. ಟೇಪಿಗೂ ಆಯುಸ್ಸಿದೆ. ಮುಂದಿನ ಮಳೆಗಾಲ ಕಾಲಿಡುವ ಮೊದಲೇ ಪೆಟ್ಟಿಗೆ ತೆರೆಯಿರಿ, ಯಾವ ಮೇಳ, ಯಾವ ಪ್ರಸಂಗ, ಯಾವ ವರ್ಷ ಎಂದು ಬರೆದಿಡಿ, ಗೊತ್ತಿದ್ದವರಿಂದ ಡಿಜಿಟಲ್ ಪ್ರತಿ ಮಾಡಿಸಿ ಪದ ಕಲಿಯುವ ಮಕ್ಕಳ ಕೈಗೆ ಕೊಡಿ. ಅದರಲ್ಲಿ ಚೆಂಡೆಯ ಮೇಲೇರಿ ನಿಲ್ಲುವ ಒಂದು ಹೆಣ್ಣುದನಿ ಸಿಕ್ಕರೆ, ದಯವಿಟ್ಟು ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ.